ದಿನಸಿ ಬಿಲ್ ಇಳಿಸಿದರೆ ಊಟದ ಸತ್ವವೂ ಇಳಿಯುತ್ತದೆಯೇ?

‘ಅಂಗಡಿಯಲ್ಲಿ ಉಳಿಸಿದ ದುಡ್ಡನ್ನು ಆಸ್ಪತ್ರೆಯಲ್ಲಿ ಕಟ್ಟಬೇಕಾಗುತ್ತದೆ’ ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಅವುಗಳ ಹಿಂದೆಯೇ ಸಲಹೆಗಳೂ ಬರುತ್ತವೆ: ಬಿಳಿ ಮೊಟ್ಟೆ ಬಿಟ್ಟು ಕಂದು ಮೊಟ್ಟೆ ತಿನ್ನಿ, ಪುಡಿ ಉಪ್ಪು ಬಿಟ್ಟು ಗುಲಾಬಿ ಉಪ್ಪು ಬಳಸಿ, ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ, ಎಸೆಯಿರಿ. ಇವನ್ನೆಲ್ಲ ನಂಬಿ ನಡೆದರೆ ತಿಂಗಳ ಬಿಲ್ ಏರುವುದು ಖಚಿತ. ಆರೋಗ್ಯವೂ ಅಷ್ಟೇ ಏರುತ್ತದೆಯೇ?

ಇಲ್ಲ. ಆಹಾರದ ಬೆಲೆ ಮತ್ತು ಅದರ ಸತ್ವ ಒಟ್ಟೊಟ್ಟಿಗೆ ಏರಿಳಿಯುವುದಿಲ್ಲ. ನಾವು ಕೊಡುವ ಹಣದಲ್ಲಿ ಒಂದು ಪಾಲು ಪ್ಯಾಕೆಟ್‌ಗೆ, ಜಾಹೀರಾತಿಗೆ, ಕೊನೆಗೆ ಕಸದ ಬುಟ್ಟಿಗೆ ಹೋಗುತ್ತದೆ. ಅಲ್ಲಿ ಉಳಿಸಿದರೆ ಊಟಕ್ಕೆ ನಷ್ಟವಿಲ್ಲ. ಆದರೆ ಬೇಳೆ, ಸೊಪ್ಪು, ಹಾಲು, ಮೊಟ್ಟೆಯಲ್ಲಿ ಉಳಿಸಲು ಹೋದರೆ ನಷ್ಟ ಖಂಡಿತ. ಯಾವುದರಲ್ಲಿ ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಏಕೆ ಮುಖ್ಯ?

ಬೆಲೆ ಏರಿದಾಗ ಅನೇಕ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಬಿಸ್ಕತ್ತು, ಚಿಪ್ಸ್ ಅಲ್ಲ. ಮೊಟ್ಟೆ ವಾರಕ್ಕೊಮ್ಮೆ ಆಗುತ್ತದೆ, ಸಾರು ತೆಳ್ಳಗಾಗುತ್ತದೆ, ಹಣ್ಣು ನಿಲ್ಲುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅಮ್ಮನ ತಟ್ಟೆಗೆ ಅನ್ನ ಮತ್ತು ತಿಳಿಸಾರು ಮಾತ್ರ ಉಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ, 5 ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಖರ್ಚು ಕಡಿಮೆ ಮಾಡುವಾಗ ತಪ್ಪು ಜಾಗಕ್ಕೆ ಕತ್ತರಿ ಹಾಕಿದರೆ ಈ ಸಮಸ್ಯೆ ಇನ್ನಷ್ಟು ಬೆಳೆಯುತ್ತದೆ.

ಹಣ ಎಲ್ಲಿಗೆ ಹೋಗುತ್ತಿದೆ?

ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ಹಳ್ಳಿಯ ಕುಟುಂಬ ತನ್ನ ಖರ್ಚಿನಲ್ಲಿ ಸುಮಾರು ಶೇ 47ರಷ್ಟನ್ನು, ಪಟ್ಟಣದ ಕುಟುಂಬ ಸುಮಾರು ಶೇ 40ರಷ್ಟನ್ನು ಆಹಾರಕ್ಕೆ ವ್ಯಯಿಸುತ್ತದೆ. ಆಹಾರದ ಖರ್ಚಿನೊಳಗೆ ಅತಿ ದೊಡ್ಡ ಪಾಲು ಅಕ್ಕಿಯದೂ ಅಲ್ಲ, ಬೇಳೆಯದೂ ಅಲ್ಲ. ಪಾನೀಯ, ಕುರುಕಲು ಮತ್ತು ಸಿದ್ಧ ಆಹಾರದ ಗುಂಪಿನದು. ಹಳ್ಳಿಯಲ್ಲೂ ಹಾಗೆಯೇ, ಪಟ್ಟಣದಲ್ಲೂ ಹಾಗೆಯೇ.

ನಿಮ್ಮ ಮನೆಯಲ್ಲಿ ಹೇಗಿದೆ ಎಂದು ತಿಳಿಯಲು ಒಂದು ತಿಂಗಳ ಬಿಲ್‌ಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಡಿ. ಮೊಬೈಲ್‌ನಲ್ಲಿ ತರಿಸಿದ್ದನ್ನೂ ಸೇರಿಸಿ. ತಿಂಗಳ ಕೊನೆಗೆ ಮೂರು ಪಟ್ಟಿ ಮಾಡಿ: ಅಡುಗೆಗೆ ಬಳಸಿದ್ದು, ಪ್ಯಾಕೆಟ್ ಒಡೆದು ತಿಂದಿದ್ದು ಅಥವಾ ಕುಡಿದಿದ್ದು, ಹಾಳಾಗಿ ಎಸೆದದ್ದು. ಎರಡನೆಯ ಮತ್ತು ಮೂರನೆಯ ಪಟ್ಟಿಯ ಮೊತ್ತ ನೋಡಿದರೆ ಎಲ್ಲಿಂದ ಶುರು ಮಾಡಬೇಕು ಎಂಬುದು ಗೊತ್ತಾಗುತ್ತದೆ.

ತಿಂಗಳಿಗೆ ನಿಜವಾಗಿ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ಅದು ಸೂಚಿಸುವ ಪ್ರಮಾಣ ಹೀಗಿದೆ:

• ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ
• ಸೊಪ್ಪು ಮತ್ತು ತರಕಾರಿ 400 ಗ್ರಾಂ
• ಹಣ್ಣು 100 ಗ್ರಾಂ
• ಬೇಳೆಕಾಳು, ಅಥವಾ ಅದರ ಬದಲು ಮೊಟ್ಟೆ, ಮೀನು, ಮಾಂಸ 85 ಗ್ರಾಂ
• ಕಡಲೆಕಾಯಿ, ಎಳ್ಳಿನಂಥ ಬೀಜಗಳು 35 ಗ್ರಾಂ
• ಎಣ್ಣೆ, ತುಪ್ಪ 27 ಗ್ರಾಂ
• ಹಾಲು ಅಥವಾ ಮೊಸರು 300 ಮಿ.ಲೀ.

ನಾಲ್ಕು ಜನರ ಮನೆಗೆ ಲೆಕ್ಕ ಹಾಕಿ. ಎಣ್ಣೆ ಮತ್ತು ತುಪ್ಪ ಸೇರಿ ತಿಂಗಳಿಗೆ ಸುಮಾರು 3.2 ಕೆ.ಜಿ., ಅಂದರೆ ಮೂರೂವರೆ ಲೀಟರ್ ಸಾಕು. ನಿಮ್ಮ ಮನೆಯಲ್ಲಿ 5 ಲೀಟರ್ ಕ್ಯಾನ್ ಒಂದೇ ತಿಂಗಳಲ್ಲಿ ಖಾಲಿಯಾಗುತ್ತಿದ್ದರೆ ಅಲ್ಲಿ ಹಣವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ. ಸಕ್ಕರೆ ದಿನಕ್ಕೆ ಒಬ್ಬರಿಗೆ 25 ಗ್ರಾಂ ಮೀರಬಾರದು. ನಾಲ್ವರಿಗೆ ತಿಂಗಳಿಗೆ 3 ಕೆ.ಜಿ. ಆಯಿತು, ಅದೂ ಬಿಸ್ಕತ್ತು, ಜ್ಯೂಸ್, ಸ್ವೀಟ್‌ನಲ್ಲಿ ಇರುವ ಸಕ್ಕರೆಯನ್ನೂ ಸೇರಿಸಿ. ಉಪ್ಪು ದಿನಕ್ಕೆ 5 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ 600 ಗ್ರಾಂ.

ಇನ್ನು ಬೇಳೆಕಾಳಿನ ಲೆಕ್ಕ. ಮೊಟ್ಟೆ, ಮಾಂಸ ತಿನ್ನದ ಮನೆಯಾದರೆ ತಿಂಗಳಿಗೆ ಸುಮಾರು 10 ಕೆ.ಜಿ. ಬೇಕು. ಹೆಚ್ಚಿನವರ ಮನೆಯ ಪಟ್ಟಿಯಲ್ಲಿ ಅಷ್ಟು ಇರುವುದೇ ಇಲ್ಲ. ಎಣ್ಣೆ, ಸಕ್ಕರೆಯಲ್ಲಿ ಉಳಿದ ಹಣ ಮೊದಲು ಇಲ್ಲಿಗೆ ಬರಲಿ. ಮಕ್ಕಳು, ಗರ್ಭಿಣಿಯರು, ಹೊಲದಲ್ಲಿ ದುಡಿಯುವವರಿಗೆ ಪ್ರಮಾಣ ಬೇರೆ ಇರುತ್ತದೆ. ಮಧುಮೇಹ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರು ಹೇಳಿದಂತೆ ನಡೆಯಬೇಕು.

ಪ್ರೋಟೀನ್‌ಗೆ ಎಷ್ಟು ಹಣ ಕೊಡುತ್ತಿದ್ದೀರಿ?

ಬೆಲೆಯನ್ನು ಕೆ.ಜಿ. ಲೆಕ್ಕದಲ್ಲಿ ನೋಡುವ ಬದಲು ಸತ್ವದ ಲೆಕ್ಕದಲ್ಲಿ ನೋಡಿ. ಕೆಳಗಿನ ದರಗಳು ಉದಾಹರಣೆಗಾಗಿ ಮಾತ್ರ. ನಿಮ್ಮೂರಿನ ದರ ಹಾಕಿಕೊಂಡು ಲೆಕ್ಕ ಮಾಡಬಹುದು. 10 ಗ್ರಾಂ ಪ್ರೋಟೀನ್ ಸಿಗಲು:

• ಹುರುಳಿಕಾಳು (ಕೆ.ಜಿ.ಗೆ 100 ರೂ., 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್): ಸುಮಾರು 4.50 ರೂ.
• ಕಡಲೆಕಾಯಿ ಬೀಜ (ಕೆ.ಜಿ.ಗೆ 150 ರೂ., ಸುಮಾರು 25 ಗ್ರಾಂ): ಸುಮಾರು 6 ರೂ.
• ಮೊಟ್ಟೆ (ಒಂದಕ್ಕೆ 7 ರೂ., ಸುಮಾರು 6 ಗ್ರಾಂ): ಸುಮಾರು 12 ರೂ.
• ಹಾಲು (ಲೀಟರಿಗೆ 50 ರೂ., 100 ಮಿ.ಲೀ.ನಲ್ಲಿ ಸುಮಾರು 3.2 ಗ್ರಾಂ): ಸುಮಾರು 16 ರೂ.
• ಬಾದಾಮಿ (ಕೆ.ಜಿ.ಗೆ 900 ರೂ., ಸುಮಾರು 20 ಗ್ರಾಂ): ಸುಮಾರು 45 ರೂ.

ಹುರುಳಿಯನ್ನು ದನದ ಆಹಾರ ಎಂದು ಬದಿಗಿಟ್ಟು, ರಾತ್ರಿ ನಾಲ್ಕು ಬಾದಾಮಿ ನೆನೆಹಾಕುವುದರಲ್ಲೇ ಪೌಷ್ಟಿಕತೆ ಇದೆ ಎಂದುಕೊಂಡಿದ್ದರೆ ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ನಾಲ್ಕು ಬಾದಾಮಿಯ ತೂಕ ಹೆಚ್ಚೆಂದರೆ 5 ಗ್ರಾಂ. ಅದರಲ್ಲಿ ಬರುವ ಪ್ರೋಟೀನ್ ಒಂದೇ ಗ್ರಾಂ. ಬಾದಾಮಿ ಕೆಟ್ಟದ್ದಲ್ಲ. ಆದರೆ ಅದರ ಕೆಲಸದ ಬಹುಪಾಲನ್ನು ಒಂದು ಹಿಡಿ ಕಡಲೆಕಾಯಿ ಬೀಜ ಮಾಡುತ್ತದೆ.

ಹಾಗೆಂದು ಮೊಟ್ಟೆ, ಹಾಲನ್ನು ನಿಲ್ಲಿಸಬೇಡಿ. ಅವುಗಳ ಪ್ರೋಟೀನ್ ಗುಣಮಟ್ಟ ಹೆಚ್ಚು. ಜತೆಗೆ ಕಾಳು, ಸೊಪ್ಪುಗಳಲ್ಲಿ ಇಲ್ಲದ ವಿಟಮಿನ್ ಬಿ12 ಅವುಗಳಲ್ಲಿ ಸಿಗುತ್ತದೆ. ಕಾಳಿನ ಪ್ರೋಟೀನ್‌ನಲ್ಲಿ ಕಡಿಮೆ ಇರುವ ಅಂಶ ಅಕ್ಕಿ, ರಾಗಿಯಲ್ಲಿ ಸಿಗುತ್ತದೆ, ಅವುಗಳಲ್ಲಿ ಕಡಿಮೆ ಇರುವುದು ಕಾಳಿನಲ್ಲಿ ಸಿಗುತ್ತದೆ. ಮುದ್ದೆ ಮತ್ತು ಹುರುಳಿ ಸಾರು, ಅನ್ನ ಮತ್ತು ಅವರೆಕಾಳು ಹುಳಿ, ಜೋಳದ ರೊಟ್ಟಿ ಮತ್ತು ಮಡಕೆಕಾಳು ಪಲ್ಯ ಒಳ್ಳೆಯ ಜೋಡಿಯಾಗುವುದು ಇದರಿಂದಲೇ.

ರಾಗಿಯ ಇನ್ನೊಂದು ಲಾಭ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇರುತ್ತದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ರಾಗಿ ಕೊಂಡು, ಸ್ವಚ್ಛ ಮಾಡಿ ಗಿರಣಿಯಲ್ಲಿ ಬೀಸಿಸಿದರೆ ಆಗುವ ಖರ್ಚನ್ನೂ ‘ರಾಗಿ ಮಾಲ್ಟ್’ ಡಬ್ಬಿಯ ಬೆಲೆಯನ್ನೂ ಒಮ್ಮೆ ಹೋಲಿಸಿ ನೋಡಿ.

ಹಣ್ಣು, ತರಕಾರಿ: ದೂರದಿಂದ ಬಂದದ್ದೇ ಶ್ರೇಷ್ಠವಲ್ಲ

100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂ ಮೇಲ್ಪಟ್ಟು ವಿಟಮಿನ್ ಸಿ ಇರುತ್ತದೆ. ಕಿತ್ತಳೆಯಲ್ಲಿ ಸುಮಾರು 50. ಸೇಬಿನಲ್ಲಿ 5ರ ಆಸುಪಾಸು. ಕಾಯಿಲೆಯವರನ್ನು ನೋಡಲು ಹೋಗುವಾಗ ಸೇಬು ಒಯ್ಯುವುದು ರೂಢಿ. ಆದರೆ ವಿಟಮಿನ್ ಸಿ ಲೆಕ್ಕದಲ್ಲಿ ಸೀಬೆ, ನೆಲ್ಲಿಕಾಯಿಗಳೇ ಬಹಳ ಮುಂದಿವೆ. ಊಟದ ಜತೆ ವಿಟಮಿನ್ ಸಿ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಸೊಪ್ಪಿನ ಪಲ್ಯಕ್ಕೆ ಅರ್ಧ ಹೋಳು ನಿಂಬೆ ಹಿಂಡಿದರೂ ಸಾಕು. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಹೀರಿಕೆ ಕಡಿಮೆಯಾಗುತ್ತದೆ. ಅದನ್ನು ಒಂದು ಗಂಟೆ ಮುಂದೂಡಿ.

ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮೆಂತ್ಯ ಸೊಪ್ಪು ಕಡಿಮೆ ಬೆಲೆಗೆ ಸಿಗುತ್ತವೆ, ಪೋಷಕಾಂಶ ಮಾತ್ರ ಹೇರಳ. ಯಾವ ತರಕಾರಿ ಆಯಾ ಕಾಲಕ್ಕೆ ರಾಶಿ ಬಿದ್ದಿರುತ್ತದೋ ಅದನ್ನೇ ತನ್ನಿ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ರೂ. ದಾಟಿದಾಗ ಹಲವು ಮನೆಗಳು ಹುಣಸೆಹಣ್ಣಿಗೆ ಮರಳಿದವು, ಸಾರು ಕೆಡಲಿಲ್ಲ. ಕೊಳ್ಳಲು ಹೋಗುವ ಮುಂಚೆ ಅಡುಗೆ ನಿರ್ಧರಿಸುವ ಬದಲು, ಸಂತೆಯಲ್ಲಿ ಯಾವುದು ಅಗ್ಗವೆಂದು ನೋಡಿ ಅಡುಗೆ ನಿರ್ಧರಿಸಿ. ಹತ್ತಿರ ಹಾಪ್‌ಕಾಮ್ಸ್ ಇದ್ದರೆ ಅಲ್ಲಿನ ದರಪಟ್ಟಿ ನೋಡಿಕೊಂಡು ಮುಂದಿನ ಅಂಗಡಿಗೆ ಹೋದರೆ ಚೌಕಾಸಿಗೆ ಅನುಕೂಲ.

ಬಿಲ್ ಏರಿಸುವ ಐದು ನಂಬಿಕೆಗಳು

1. ‘ಕಂದು ಮೊಟ್ಟೆಯಲ್ಲಿ ಸತ್ವ ಹೆಚ್ಚು’
ಚಿಪ್ಪಿನ ಬಣ್ಣ ಕೋಳಿಯ ತಳಿಯನ್ನು ಅವಲಂಬಿಸಿದೆ. ಒಳಗಿನ ಸತ್ವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ಕಂದು ಮೊಟ್ಟೆಯ ದುಡ್ಡಿಗೆ ಎರಡು ಬಿಳಿ ಮೊಟ್ಟೆ ಬರುವಂತಿದ್ದರೆ ಬಿಳಿಯದನ್ನೇ ತನ್ನಿ.

2. ‘ಗುಲಾಬಿ ಉಪ್ಪಿನಲ್ಲಿ ಖನಿಜಗಳು ತುಂಬಿವೆ’
ಖನಿಜಗಳು ಇರುವುದು ನಿಜ, ಆದರೆ ದಿನಕ್ಕೆ 5 ಗ್ರಾಂ ಉಪ್ಪಿನಿಂದ ಅವು ಲೆಕ್ಕಕ್ಕೆ ಸಿಗುವಷ್ಟು ಬರುವುದಿಲ್ಲ. ಹಲವು ಗುಲಾಬಿ ಉಪ್ಪುಗಳಲ್ಲಿ ಅಯೋಡಿನ್ ಇರುವುದಿಲ್ಲ. ಅಯೋಡಿನ್ ಕೊರತೆಯಾದರೆ ಗಳಗಂಡ ಬರುತ್ತದೆ. ಗರ್ಭಿಣಿಗೆ ಕೊರತೆಯಾದರೆ ಮಗುವಿನ ಮೆದುಳಿನ ಬೆಳವಣಿಗೆಗೇ ತೊಂದರೆ. ಸಾಧಾರಣ ಬೆಲೆಯ ಅಯೋಡಿನ್‌ಯುಕ್ತ ಪುಡಿ ಉಪ್ಪೇ ಸರಿಯಾದ ಆಯ್ಕೆ.

3. ‘ಈ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ’
ಮಾತು ನಿಜ. ಆದರೆ ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಎಳ್ಳೆಣ್ಣೆ ಎಲ್ಲವೂ ಹಾಗೆಯೇ. ಆ ಬರಹಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

4. ‘ಮಕ್ಕಳು ಬೆಳೆಯಲು ಹೆಲ್ತ್ ಡ್ರಿಂಕ್ ಬೇಕೇ ಬೇಕು’
ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ. ಮಾಲ್ಟ್ ಪಾನೀಯಗಳನ್ನು ಆ ಹೆಸರಿನಡಿ ಮಾರಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಡಬ್ಬಿಯ ಹಿಂಬದಿಯಲ್ಲಿ 100 ಗ್ರಾಂಗೆ ಸಕ್ಕರೆ ಎಷ್ಟಿದೆ ಎಂದು ಓದಿ. ಒಂದು ಲೋಟ ಹಾಲು, ಒಂದು ಮೊಟ್ಟೆ ಅಥವಾ ಒಂದು ಹಿಡಿ ಹುರಿಗಡಲೆ ಕೊಡುವ ಪೋಷಣೆಗೆ ಅದು ಬದಲಿಯಲ್ಲ.

5. ‘ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಇದೆ’
ಇದು ಬಡ ಕುಟುಂಬಗಳಿಗೆ ಅತಿ ಹೆಚ್ಚು ನಷ್ಟ ಮಾಡಿರುವ ಸುಳ್ಳು. ಪಡಿತರದಲ್ಲಿ ಬಂದ ಸಾರವರ್ಧಿತ ಅಕ್ಕಿಯಲ್ಲಿ ಪ್ರತಿ ಕೆ.ಜಿ.ಗೆ ಸುಮಾರು 10 ಗ್ರಾಂನಷ್ಟು ವಿಶೇಷ ಕಾಳುಗಳು ಬೆರೆತಿರುತ್ತವೆ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ತಂದ ಕಾಳುಗಳವು. ಬಣ್ಣ ಸ್ವಲ್ಪ ಬೇರೆ ಕಾಣಬಹುದು, ಕೆಲವು ನೀರಿನಲ್ಲಿ ತೇಲಬಹುದು. ಅವನ್ನು ಆರಿಸಿ ಎಸೆದರೆ ಸೇರಿಸಿದ ಪೋಷಕಾಂಶವನ್ನೇ ಎಸೆದಂತೆ.

ಹಾಲಿನ ಪ್ಯಾಕೆಟ್ ಆರಿಸುವಾಗ

ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3 ಕೊಬ್ಬು ಮತ್ತು ಶೇ 8.5 ಕೊಬ್ಬೇತರ ಘನಾಂಶ ಇರಬೇಕು. ಫುಲ್ ಕ್ರೀಮ್ ಹಾಲಿನಲ್ಲಿ ಅದು ಶೇ 6 ಮತ್ತು ಶೇ 9. ಪ್ರೋಟೀನ್, ಕ್ಯಾಲ್ಸಿಯಂ ಇರುವುದು ಕೊಬ್ಬೇತರ ಘನಾಂಶದಲ್ಲಿ. ಆದ್ದರಿಂದ ದೊಡ್ಡವರ ಕಾಫಿ, ಮೊಸರಿಗೆ ಟೋನ್ಡ್ ಹಾಲು ಸಾಕು. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕೊಬ್ಬು ಬೇಕು, ಅಲ್ಲಿ ಉಳಿತಾಯ ನೋಡಬೇಡಿ. ಮೊಸರು ಮನೆಯಲ್ಲೇ ಹೆಪ್ಪು ಹಾಕಿದರೆ ಲೀಟರ್ ಹಾಲಿಗೆ ಹೆಚ್ಚುಕಡಿಮೆ ಲೀಟರ್ ಮೊಸರೇ ಆಗುತ್ತದೆ.

ಪ್ಯಾಕೆಟ್‌ನ ಹಿಂಬದಿ ಓದಿ

ಮುಂಬದಿ ಜಾಹೀರಾತು, ಹಿಂಬದಿ ಮಾಹಿತಿ. ಮೂರು ವಿಷಯ ನೋಡಿದರೆ ಸಾಕು.

ಮೊದಲನೆಯದು, ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ‘ಸಿರಿಧಾನ್ಯ ಬಿಸ್ಕತ್ತು’ ಎಂಬ ಪ್ಯಾಕೆಟ್‌ನ ಹಿಂದೆ ಮೈದಾ, ಸಕ್ಕರೆ, ತಾಳೆ ಎಣ್ಣೆ ಮೊದಲು ಬಂದು, ಸಿರಿಧಾನ್ಯ ಕೊನೆಯಲ್ಲಿದ್ದರೆ ನೀವು ಕೊಂಡದ್ದು ಮೈದಾ ಬಿಸ್ಕತ್ತನ್ನೇ.

ಎರಡನೆಯದು, ನಿವ್ವಳ ತೂಕ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಒಂದೇ ಗಾತ್ರವಿರುವ ಕೆಲವು ಪ್ಯಾಕೆಟ್‌ಗಳಲ್ಲಿ 850 ಗ್ರಾಂ ಅಥವಾ ಇನ್ನೂ ಕಡಿಮೆ ಇರುತ್ತದೆ. ದರ ಕಡಿಮೆ ಎನಿಸುವುದು ಅದಕ್ಕೇ.

ಮೂರನೆಯದು, ಗ್ರಾಂ ಅಥವಾ ಕೆ.ಜಿ.ಗೆ ಬೀಳುವ ದರ. ಎಂಆರ್‌ಪಿ ಜತೆಗೆ ‘ಯೂನಿಟ್ ಸೇಲ್ ಪ್ರೈಸ್’ ಮುದ್ರಿಸಬೇಕೆಂಬ ನಿಯಮ ಈಗ ಇದೆ. ಎರಡು ಬ್ರ್ಯಾಂಡ್ ಹೋಲಿಸಲು ಆ ಸಣ್ಣ ಅಕ್ಷರದ ಸಾಲೇ ಸಾಕು. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗವಲ್ಲ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ‘ಒಂದು ಕೊಂಡರೆ ಒಂದು ಉಚಿತ’ ಎಂದಾಗ, ಆ ಎರಡನೆಯದು ಮನೆಗೆ ಬೇಕಿತ್ತೇ ಎಂದು ಕೇಳಿಕೊಳ್ಳಿ.

ಎಸೆಯುವುದನ್ನು ಕಡಿಮೆ ಮಾಡಿ

‘ಬೆಸ್ಟ್ ಬಿಫೋರ್’ ಮತ್ತು ‘ಎಕ್ಸ್‌ಪೈರಿ’ ಒಂದೇ ಅಲ್ಲ. ಎಕ್ಸ್‌ಪೈರಿ ಅಥವಾ ‘ಯೂಸ್ ಬೈ’ ದಿನಾಂಕ ಸುರಕ್ಷತೆಗೆ ಸಂಬಂಧಿಸಿದ್ದು, ಅದು ಮೀರಿದ ಮೇಲೆ ತಿನ್ನಬಾರದು. ಬೆಸ್ಟ್ ಬಿಫೋರ್ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಅದು ಮುಗಿದ ಮರುದಿನವೇ ಒಣ ರವೆ, ಅವಲಕ್ಕಿ ವಿಷವಾಗುವುದಿಲ್ಲ. ಹುಳ, ಮುಗ್ಗಲು ವಾಸನೆ ಇಲ್ಲದಿದ್ದರೆ ಬಳಸಬಹುದು.

ಬೇಳೆಕಾಳು, ರವೆಯನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಹೊಸದನ್ನು ಹಳೆಯದರ ಮೇಲೆ ಸುರಿಯಬೇಡಿ, ಹಳೆಯದು ಮೊದಲು ಮುಗಿಯಲಿ. ಈರುಳ್ಳಿ, ಆಲೂಗಡ್ಡೆಯನ್ನು ಗಾಳಿಯಾಡುವ ಬೇರೆ ಬೇರೆ ಬುಟ್ಟಿಯಲ್ಲಿಡಿ. ಒಟ್ಟಿಗಿಟ್ಟರೆ ಬೇಗ ಕೆಡುತ್ತವೆ. ತರಕಾರಿಯನ್ನು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ನೀರಿನಲ್ಲಿ ಬಿಟ್ಟರೆ ವಿಟಮಿನ್ ಸಿ ನೀರಿನ ಜತೆ ಹೋಗುತ್ತದೆ. ಕಾಳು, ಸೊಪ್ಪು ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ. ಅದೇ ನೀರಿನಲ್ಲಿ ಸಾರು, ಬಸಿದ ಕಾಳು-ಸೊಪ್ಪಿನಲ್ಲಿ ಪಲ್ಯ ಮಾಡುವ ನಮ್ಮ ಬಸ್ಸಾರು ಪೋಷಣೆಯ ದೃಷ್ಟಿಯಿಂದಲೂ ಜಾಣ ಅಡುಗೆ. ಕಾಳನ್ನು ರಾತ್ರಿ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಗ್ಯಾಸ್ ಕೂಡ ಉಳಿಯುತ್ತದೆ.

ಇಲ್ಲಿ ಮಾತ್ರ ಉಳಿಸಬೇಡಿ

ಬಿಡಿ ಎಣ್ಣೆ: 1998ರಲ್ಲಿ ದೆಹಲಿಯಲ್ಲಿ ದತ್ತೂರಿಗಿಡದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ದತ್ತೂರಿ ಎಂದರೆ ಉಮ್ಮತ್ತಿ ಅಲ್ಲ. ಹಳದಿ ಹೂ ಬಿಡುವ, ಎಲೆಯಲ್ಲೆಲ್ಲ ಮುಳ್ಳಿರುವ ಅರ್ಜಿಮೋನ್ ಎಂಬ ಕಳೆ. ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. ಕಲಬೆರಕೆಯ ಅಪಾಯದಿಂದಾಗಿ ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರುವುದಕ್ಕೆ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿ ನಿರ್ಬಂಧವಿದೆ. ಸೀಲ್ ಇರುವ, 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರುವ ಪ್ಯಾಕೆಟ್ ತೆಗೆದುಕೊಳ್ಳಿ. ಗಾಣದಲ್ಲಿ ಎದುರಿಗೇ ತೆಗೆಸಿಕೊಳ್ಳುವುದಾದರೆ ಬೀಜ ನಿಮ್ಮದೇ ಇರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಉಳಿತಾಯವಲ್ಲ.

ಬಿಡಿ ಮಸಾಲೆ ಪುಡಿ: ಅರಿಶಿನ, ಖಾರದ ಪುಡಿಗೆ ಬಣ್ಣ ಬೆರೆಸುವ ಮೋಸ ಹಳೆಯದು. ಅರಿಶಿನಕ್ಕೆ ಬೆರೆಸುವ ಲೆಡ್ ಕ್ರೋಮೇಟ್‌ನಲ್ಲಿ ಸೀಸ ಇರುತ್ತದೆ. ಮಕ್ಕಳ ಮೆದುಳಿಗೆ ಅದು ಅಪಾಯಕಾರಿ. ಒಣಮೆಣಸಿನಕಾಯಿ, ಧನಿಯಾ ಕೊಂಡು ಮಿಲ್‌ನಲ್ಲಿ ಪುಡಿ ಮಾಡಿಸಿದರೆ ಹಣವೂ ಉಳಿಯುತ್ತದೆ, ಭಯವೂ ಇರುವುದಿಲ್ಲ.

ಬೂಷ್ಟು ಹಿಡಿದದ್ದು: ಬೂಷ್ಟು ಬಂದ ಕಡಲೆಕಾಯಿ, ಜೋಳ, ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಬಂದ ಬ್ರೆಡ್‌ನ ಒಂದು ಮೂಲೆ ಕಿತ್ತು ಉಳಿದದ್ದನ್ನು ತಿನ್ನಬೇಡಿ. ಹಸಿರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆಯನ್ನೂ ಎಸೆಯಿರಿ.

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ

• ಮೊದಲು ಕಡಿಮೆ ಮಾಡಿ: ಪ್ಯಾಕೆಟ್ ತಿಂಡಿ, ಪಾನೀಯ, ಸಕ್ಕರೆ, ಹೆಚ್ಚುವರಿ ಎಣ್ಣೆ, ‘ಹೆಲ್ತ್’ ಡಬ್ಬಿಗಳು.
• ಬದಲಿಸಿ: ಬಾದಾಮಿಯ ಬದಲು ಕಡಲೆಕಾಯಿ, ಸೇಬಿನ ಬದಲು ಸೀಬೆ, ಮಾಲ್ಟ್ ಡಬ್ಬಿಯ ಬದಲು ಮನೆಯ ರಾಗಿಹಿಟ್ಟು.
• ಕಡಿಮೆ ಮಾಡಬೇಡಿ: ಬೇಳೆಕಾಳು, ಸೊಪ್ಪು, ಹಾಲು, ಮೊಟ್ಟೆ, ಅಯೋಡಿನ್ ಉಪ್ಪು.
• ಅಗ್ಗವೆಂದು ಕೊಳ್ಳಬೇಡಿ: ಬಿಡಿ ಎಣ್ಣೆ, ಬಿಡಿ ಅರಿಶಿನ ಪುಡಿ, ಬೂಷ್ಟು ಹಿಡಿದ ಕಾಳು.
• ಉಳಿದ ಹಣದಲ್ಲಿ ಮೊದಲು ಮನೆಯ ಹೆಂಗಸರು, ಮಕ್ಕಳ ತಟ್ಟೆಗೆ ಒಂದು ಸೌಟು ಕಾಳು, ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಹೆಚ್ಚಿಸಿ.